ಉಂಡ ಅನ್ನ ಉಸಿರಾಗುವ ಬಾಗಿಲು

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಈ ದಿನಗಳಲ್ಲಿ ಶ್ರೀಮಠದ ದಾಸೋಹದ ಮನೆಯ ಒಲೆ ಆರಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ಕುಳಿತು ಏಳುತ್ತಲಿದೆ. ಪ್ರಸಾದವನ್ನು ಸ್ವೀಕರಿಸಿದ ಭಕ್ತನು ಕೈತೊಳೆದು ಏಳುವಾಗ ಹಸಿವು ಅಡಗಿತೆಂದು ತೃಪ್ತಿಪಡುತ್ತಾನೆ. ಆದರೆ ಅನ್ನವು ಹೊಟ್ಟೆಯನ್ನು ಸೇರಿದ ಮಾತ್ರದಿಂದಲೇ ಕೈಕಾಲುಗಳಿಗೆ ಕಸುವು ಬರುವದಿಲ್ಲ. ಅರಗಿ ರಕ್ತದಲ್ಲಿ ಬೆರೆತ ಮಾತ್ರದಿಂದಲೂ ಬರುವದಿಲ್ಲ. ಅದು ಇನ್ನೂ ಕೆಲವು ಹೊಸ್ತಿಲುಗಳನ್ನು ದಾಟಬೇಕಾಗಿರುತ್ತದೆ. ಅವುಗಳಲ್ಲಿ ಕಡೆಯದು ಎಂತಹದೆಂದರೆ, ಅದೊಂದು ಮುಚ್ಚಿದರೆ ಉಂಡ ಅನ್ನವು ಹೊಟ್ಟೆಯಲ್ಲಿರುವಾಗಲೇ ಮನುಷ್ಯನು ಹಸಿದವನಂತೆ ಸಾಯುವನು. ಹಾಗೆ ಸತ್ತವರು ಒಬ್ಬಿಬ್ಬರಲ್ಲ. ಇಂದಿನ ವಿಷಯವು ಆ ಹೊಸ್ತಿಲನ್ನೂ ಅಲ್ಲಿ ನಿಂತು ಕೊಡುಕೊಳು ನಡೆಯಿಸುವ ವಾಹಕಗಳನ್ನೂ ಕುರಿತದ್ದು.

ಮನುಷ್ಯದೇಹವು ಜೀವಕೋಶಗಳೆಂಬ ಕಣ್ಣಿಗೆ ಕಾಣದ ಕೋಣೆಗಳಿಂದ ಕಟ್ಟಲ್ಪಟ್ಟದ್ದೆಂಬುದು ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ಆ ಕೋಣೆಗಳ ಒಳಗೆ ಅವಕ್ಕಿಂತಲೂ ಸಣ್ಣವಾದ ಚೀಲಗಳುಂಟು. ಜರ್ಮನಿಯ ರಿಚರ್ಡ್ ಆಲ್ಟ್‌ಮನ್ ಎಂಬವನು ೧೮೯೦ರಲ್ಲಿ ಇವುಗಳನ್ನು ವರ್ಣಿಸಿ, ಕೋಶದೊಳಗೆ ವಾಸಿಸುವ ಬೇರೆಯ ಜೀವಿಗಳೆಂದೇ ಭಾವಿಸಿದನು. ೧೮೯೮ರಲ್ಲಿ ಕಾರ್ಲ್ ಬೆಂಡಾ ಇವಕ್ಕೆ ಮೈಟೋಕಾಂಡ್ರಿಯ ಎಂದು ಹೆಸರಿಟ್ಟನು; ಗ್ರೀಕರ ಮಾತಿನಲ್ಲಿ ದಾರ ಮತ್ತು ಕಾಳು ಎಂಬ ಎರಡು ಶಬ್ದಗಳು ಕೂಡಿ ಆದ ಹೆಸರಿದು. ಕೆಲವೆಡೆ ದಾರದಂತೆಯೂ ಕೆಲವೆಡೆ ಕಾಳಿನಂತೆಯೂ ತೋರಿದ್ದೇ ಅದಕ್ಕೆ ಕಾರಣ. ಇವುಗಳ ಕೆಲಸವೇನೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಅನ್ನದ ಸಾರವು ಪ್ರಾಣವಾಯುವಿನೊಡನೆ ಕೂಡಿ ಮೆಲ್ಲಗೆ ಉರಿಯುವ ಒಲೆ ಇದೇ ಎಂಬುದನ್ನು ೧೯೪೮ರಲ್ಲಿ ಅಮೇರಿಕೆಯ ಯುಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ ಎಂಬ ಪಂಡಿತರು ಪ್ರಯೋಗದಿಂದ ತೋರಿಸಿಕೊಟ್ಟರು.

ಈ ಒಲೆಗೆ ಎರಡು ಸುತ್ತಿನ ಪೊರೆಗಳುಂಟು. ಹೊರಗಿನ ಪೊರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವದರಿಂದ ಚಿಕ್ಕ ಅಣುಗಳು ಅಡೆತಡೆಯಿಲ್ಲದೆ ಹಾಯ್ದುಹೋಗುತ್ತವೆ. ಅದರ ಬಗ್ಗೆ ಹೆಚ್ಚು ಹೇಳುವ ಅವಶ್ಯವಿಲ್ಲ. ಒಳಗಿನ ಪೊರೆಯ ಸಂಗತಿಯೇ ಬೇರೆ. ಅದು ಅತ್ಯಂತ ಬಿಗಿಯಾದದ್ದು. ಕಣ್ಣಿಗೆ ಕಾಣುವ ವಸ್ತುಗಳ ಮಾತಿರಲಿ, ಪರಮಾಣುಗಳಲ್ಲೆಲ್ಲ ಹಗುರವಾದ ಜಲಜನಕದ ಬೀಜಕಣವೂ, ಅಂದರೆ ಪ್ರೋಟಾನು ಕೂಡ, ತನ್ನಷ್ಟಕ್ಕೆ ತಾನು ಅದರಲ್ಲಿ ಹಾಯಲಾರದು. ಇಷ್ಟು ಬಿಗಿ ಏತಕ್ಕೆ ಬೇಕು? ಈ ಪ್ರಶ್ನೆಗೆ ಉತ್ತರವು ತಿಳಿಯದೆ ಮುಂದಿನ ಮಾತೊಂದೂ ತಿಳಿಯುವಂತಿಲ್ಲ.

ಊರ ಕೆರೆಯನ್ನು ನೆನೆಯಿರಿ. ಏರಿಯು ಬಲವಾಗಿದ್ದರೆ ನೀರು ಮೇಲೆ ನಿಲ್ಲುತ್ತದೆ. ನಿಂತ ನೀರು ತೂಬಿನಿಂದ ಇಳಿಯುವಾಗ ಅಡ್ಡಲಾಗಿ ಗಾಲಿಯನ್ನಿಟ್ಟರೆ ಅದು ತಿರುಗಿ ಬೀಸುವ ಕಲ್ಲನ್ನೂ ತಿರುಗಿಸುತ್ತದೆ. ಏರಿಯಲ್ಲಿ ಬಿರುಕುಬಿಟ್ಟು ನೀರು ಸೋರಿಹೋದರೆ ಗಾಲಿ ನಿಲ್ಲುವದು. ಮೈಟೋಕಾಂಡ್ರಿಯದಲ್ಲಿ ನಡೆಯುವದೂ ಇದೇ. ಅನ್ನದ ಸಾರವು ಉರಿದಾಗ ದೊರೆತ ಶಕ್ತಿಯಿಂದ ಪ್ರೋಟಾನುಗಳು ಒಳಪೊರೆಯ ಹೊರಗೆ ತಳ್ಳಲ್ಪಡುತ್ತವೆ. ಅವು ಮರಳಿ ಒಳಗೆ ಬರಲು ಹವಣಿಸುತ್ತವೆ. ಬರುವ ಮುಖ್ಯ ದಾರಿಯಲ್ಲಿ ನಿಜವಾಗಿಯೂ ತಿರುಗುವ ಒಂದು ಪ್ರೋಟೀನಿನ ಗಾಲಿ ಇದ್ದು, ಅದು ತಿರುಗುತ್ತ ಎಟಿಪಿ ಎಂಬ ವಸ್ತುವನ್ನು ತಯಾರಿಸುತ್ತದೆ. ಈ ತತ್ತ್ವವನ್ನು ೧೯೬೧ರಲ್ಲಿ ಮಂಡಿಸಿದವನು ಇಂಗ್ಲಂಡದ ಪೀಟರ್ ಮಿಚೆಲ್. ಮೊದಮೊದಲು ಪಂಡಿತರು ಇದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ವರ್ಷಗಟ್ಟಲೆ ವಾಗ್ವಾದ ನಡೆದು, ೧೯೭೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಆದುದರಿಂದ ಏರಿ ಸೋರಕೂಡದು. ಆದರೆ ಒಲೆಯೊಳಗೆ ಕಟ್ಟಿಗೆ ಹೋಗಬೇಕಲ್ಲ! ಸಕ್ಕರೆಯು ಮುರಿದು ಆದ ಪೈರುವೇಟ್ ಒಳಗೆ ಹೋಗಬೇಕು, ಎಣ್ಣೆ ತುಪ್ಪಗಳ ಕೊಬ್ಬಿನ ಆಮ್ಲಗಳು ಹೋಗಬೇಕು, ಫಾಸ್ಫೇಟು ಹೋಗಬೇಕು, ಸಿದ್ಧವಾದ ಎಟಿಪಿ ಹೊರಗೆ ಬರಬೇಕು. ಸೋರದ ಗೋಡೆಯೂ ಬೇಕು, ಸಾಗುವ ದಾರಿಯೂ ಬೇಕು. ಈ ಇಕ್ಕಟ್ಟನ್ನು ಬಿಡಿಸುವವೇ ವಾಹಕ ಪ್ರೋಟೀನುಗಳು. ಮನುಷ್ಯದೇಹದಲ್ಲಿ ಇವುಗಳ ಮುಖ್ಯ ಮನೆತನವೊಂದರಲ್ಲಿಯೇ ೫೩ ಬಗೆಗಳುಂಟು. ಒಂದೊಂದು ವಾಹಕವು ತನಗೆ ಗೊತ್ತುಪಡಿಸಿದ ಅಣುವನ್ನೋ ಅದರ ಹತ್ತಿರದ ಬಳಗವನ್ನೋ ಗುರುತಿಸಿ ದಾಟಿಸುತ್ತದೆ, ಇತರರನ್ನು ಮುಟ್ಟುವದಿಲ್ಲ. ಕೊಬ್ಬಿನ ಉದ್ದ ಆಮ್ಲಗಳು ಕಾರ್ನಿಟೀನ್ ಎಂಬ ವಸ್ತುವಿನ ಹೆಗಲೇರಿ ಬರುತ್ತವೆ. ಪೈರುವೇಟಿನ ವಾಹಕವು ಬೇರೊಂದು ಮನೆತನದ್ದು. ಅದು ಇರಲೇಬೇಕೆಂದು ೧೯೭೦ರ ದಶಕದಿಂದ ಊಹೆಯಿದ್ದರೂ, ಯಾವ ಪ್ರೋಟೀನು ಆ ಕೆಲಸ ಮಾಡುವದೆಂಬುದು ೨೦೧೨ರವರೆಗೆ ಕೈಗೆ ಸಿಕ್ಕಿರಲಿಲ್ಲ. ಆ ವರ್ಷ ಎರಡು ತಂಡಗಳು ಏಕಕಾಲಕ್ಕೆ ಅದನ್ನು ಕಂಡುಹಿಡಿದವು. ಮೈಟೋಕಾಂಡ್ರಿಯವು ತನ್ನ ಸ್ವಂತ ಬೀಜಾಕ್ಷರಗಳಿಂದ ಮಾಡಿಕೊಳ್ಳುವ ಪ್ರೋಟೀನುಗಳು ೧೩ ಮಾತ್ರ. ಈ ವಾಹಕಗಳೆಲ್ಲ ಹೊರಗೆ ತಯಾರಾಗಿ ಆಮೇಲೆ ಒಳಪೊರೆಗೆ ಬಂದು ನೆಲೆಗೊಳ್ಳುವವು. ಬಾಗಿಲಾಗತಕ್ಕದ್ದೂ ಒಂದು ಬಾಗಿಲಿನಿಂದಲೇ ಬರಬೇಕು!

ಇವೆಲ್ಲವನ್ನೂ ವಿವರಿಸಹೊರಟರೆ ಹೊತ್ತು ಸಾಲದು. ಆದುದರಿಂದ ಒಂದನ್ನೇ ಹಿಡಿದು ನೋಡುವದು ಒಳ್ಳೆಯದು. ಎಟಿಪಿಯನ್ನು ಹೊರಗೆ ಕಳಿಸಿ ಎಡಿಪಿಯನ್ನು ಒಳಗೆ ತರುವ ವಾಹಕವೇ ಅದು.

ಎಟಿಪಿಯು ದೇಹದ ನಾಣ್ಯವೆಂದು ತಿಳಿಯಬಹುದು. ಅದರ ಬಾಲದಲ್ಲಿ ಮೂರು ಫಾಸ್ಫೇಟುಗಳ ಸರಪಳಿಯಿದೆ. ಕಡೆಯದೊಂದು ಕಳಚಿದಾಗ ಶಕ್ತಿ ಹೊರಬೀಳುತ್ತದೆ. ಆ ಶಕ್ತಿಯಿಂದಲೇ ರೆಪ್ಪೆ ಬಡಿಯುವದು, ಎದೆ ಮಿಡಿಯುವದು, ಜಪಕ್ಕೆ ಕುಳಿತವನ ಬೆರಳು ಆಡುವದು. ಎರಡು ಫಾಸ್ಫೇಟುಗಳೊಡನೆ ಉಳಿದದ್ದು ಎಡಿಪಿ, ಅಂದರೆ ಖರ್ಚಾದ ನಾಣ್ಯ. ವಿಸ್ಮಯದ ಸಂಗತಿಯೆಂದರೆ, ಇಡೀ ದೇಹದಲ್ಲಿ ಯಾವದೇ ಕ್ಷಣಕ್ಕೆ ಇರುವ ಎಟಿಪಿ ಹತ್ತು ತೊಲೆಯಷ್ಟೂ ಇರಲಾರದು. ಆದರೆ ಒಂದು ದಿನದಲ್ಲಿ ತಯಾರಾಗಿ ಖರ್ಚಾಗುವ ಎಟಿಪಿಯು ಹೆಚ್ಚುಕಡಿಮೆ ಆ ಮನುಷ್ಯನ ತೂಕದಷ್ಟು. ಅಂದರೆ ಅದೇ ನಾಣ್ಯವು ದಿನಕ್ಕೆ ನೂರಾರು ಸಲ ಟಂಕಸಾಲೆಗೆ ಮರಳಿ ಹೊಸ ಮುದ್ರೆಯೊತ್ತಿಸಿಕೊಂಡು ಬರುತ್ತದೆ. ಪ್ರತಿ ಸಲವೂ ಅದು ಹಾಯಬೇಕಾದದ್ದು ಈ ವಾಹಕದ ಬಾಗಿಲನ್ನೇ.

ಈ ಬಾಗಿಲಿನ ಕಟ್ಟಳೆಯನ್ನು ೧೯೬೦ರ ದಶಕದಲ್ಲಿ ಜರ್ಮನಿಯ ಮಾರ್ಟಿನ್ ಕ್ಲಿಂಗನ್‌ಬರ್ಗ್ ಮತ್ತು ಅವನ ಸಂಗಡಿಗರು ಅಳೆದು ನೋಡಿದರು. ಒಂದು ಎಡಿಪಿ ಒಳಗೆ ಬಂದರೆ ಒಂದು ಎಟಿಪಿ ಹೊರಗೆ. ಕೊಡದೆ ಕೊಳ್ಳುವದಿಲ್ಲ, ಕೊಳ್ಳದೆ ಕೊಡುವದೂ ಇಲ್ಲ. ಅದು ನಡೆಯುವ ಬಗೆ ಹೀಗೆ. ವಾಹಕವು ಸುಮಾರು ೩೦೦ ಅಮೈನೋ ಆಮ್ಲಗಳ ಒಂದು ಸರ. ೧೯೮೨ರಲ್ಲಿ ಅದರ ಅಕ್ಷರಕ್ರಮವನ್ನು ಓದಿದಾಗ, ಸುಮಾರು ನೂರು ನೂರರ ಒಂದೇ ಮಾದರಿಯು ಮೂರು ಸಲ ಬಂದಿರುವದನ್ನು ಕೇಂಬ್ರಿಜ್ಜಿನ ಸರಸ್ತೆ ಮತ್ತು ವಾಕರ್ ಎಂಬವರು ಗುರುತಿಸಿದರು. (ಈ ಪ್ರೋಟೀನು ದನದ ಹೃದಯದಿಂದ ತೆಗೆದದ್ದಾಗಿತ್ತು. ಇಂತಹ ಸಭೆಯಲ್ಲಿ ಕೇಳಲು ಹಿತವಾದ ಮಾತಲ್ಲ. ಆದರೂ ತಿಳಿವು ಯಾವ ದಾರಿಯಿಂದ ಬಂದಿತೆಂಬುದನ್ನು ಮರೆಮಾಚುವದು ಸರಿಯಲ್ಲ.) ೨೦೦೩ರಲ್ಲಿ ಫ್ರಾನ್ಸಿನ ಗ್ರನೋಬಲ್ ನಗರದ ಪಂಡಿತರು ಅದರ ಆಕಾರವನ್ನೇ ಕಂಡರು. ಆರು ಕಂಬಗಳು ವರ್ತುಲವಾಗಿ ನಿಂತು ಮಧ್ಯದಲ್ಲಿ ಒಂದು ಕುಳಿ. ಬಾಯಿ ಹೊರಮುಖಕ್ಕೆ ತೆರೆದಿದೆ, ತಳ ಮುಚ್ಚಿದೆ. ಎಡಿಪಿಯು ಕುಳಿಯೊಳಗಿಳಿದು ತನ್ನ ಸ್ಥಾನದಲ್ಲಿ ಕುಳಿತೊಡನೆ ಕಂಬಗಳು ವಾಲಿ ಮೇಲಿನ ಬಾಯಿ ಕೂಡಿಕೊಳ್ಳುತ್ತದೆ, ತಳ ತೆರೆಯುತ್ತದೆ. ಎಡಿಪಿ ಒಳಗೆ ಬೀಳುತ್ತದೆ. ಅದೇ ಸ್ಥಾನಕ್ಕೆ ಒಳಗಿನಿಂದ ಎಟಿಪಿ ಬಂದು ಕೂಡಲು ತಳ ಮುಚ್ಚಿ ಬಾಯಿ ತೆರೆಯುತ್ತದೆ. ಎರಡು ಬಾಗಿಲುಗಳೂ ಒಮ್ಮೆಲೇ ತೆರೆದಿರುವದಿಲ್ಲ. ತೆರೆದರೆ ಏರಿ ಒಡೆದಂತೆಯೇ ಸರಿ. ಹೊರಗೆ ಹೋಗುವ ಎಟಿಪಿಯಲ್ಲಿ ಒಳಬರುವ ಎಡಿಪಿಗಿಂತ ಒಂದು ಋಣವಿದ್ಯುತ್ತು ಹೆಚ್ಚಾಗಿರುವದರಿಂದಲೂ ಒಳಪೊರೆಯ ಒಳಮೈ ಋಣವಾಗಿರುವದರಿಂದಲೂ ಈ ವಿನಿಮಯವು ಸರಿಯಾದ ದಿಕ್ಕಿನಲ್ಲಿಯೇ ಓಡುತ್ತದೆ. ಕೆರೆಯ ನೀರಿನದೊಂದು ಪಾಲು ಇದಕ್ಕೆಂದೇ ವೆಚ್ಚವಾಗುತ್ತದೆ. ಸಾಗಾಣಿಕೆಗೂ ಸುಂಕವುಂಟು.

ಇನ್ನು ಈ ಬಾಗಿಲು ಮುಚ್ಚಿದವರ ಕಥೆ.

ಜಾವಾ ದ್ವೀಪದ ಬನ್ಯುಮಾಸ್ ಸೀಮೆಯಲ್ಲಿ ಬಡವರು ತೆಂಗಿನ ಹಾಲು ಎಣ್ಣೆಗಳನ್ನು ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಹುದುಗುಹಾಕಿ ಬಿಲ್ಲೆ ಮಾಡಿ ತಿನ್ನುತ್ತಿದ್ದರು. ಅದಕ್ಕೆ ತೆಂಪೆ ಬೊಂಗ್‌ಕ್ರೆಕ್ ಎಂದು ಹೆಸರು. ಏನನ್ನೂ ಚೆಲ್ಲದ ಬಡತನದ ಜಾಣ್ಮೆ ಅದು. ಆದರೆ ನಡುನಡುವೆ ಅದನ್ನುಂಡ ಮನೆಗಳಲ್ಲಿ ಸಾವಿನ ಸಾಲೇ ಕಾಣಿಸುತ್ತಿತ್ತು. ೧೯೩೦ರ ದಶಕದಲ್ಲಿ ವಾನ್ ವೇನ್ ಮತ್ತು ಮೆರ್ಟೆನ್ಸ್ ಎಂಬ ಡಚ್ಚರು ಕಾರಣವನ್ನು ಹುಡುಕಿದರು. ಹುದುಗಿಸುವ ಒಳ್ಳೆಯ ಬೂಷ್ಟಿನ ಜೊತೆಗೆ ಒಂದು ಬ್ಯಾಕ್ಟೀರಿಯವು ಸೇರಿಕೊಂಡರೆ, ಅದು ತೆಂಗಿನ ಕೊಬ್ಬಿನಲ್ಲಿ ಬೆಳೆದು ಒಂದು ವಿಷವನ್ನು ಮಾಡುತ್ತದೆ. ತಿನಿಸಿನ ಹೆಸರಿನಿಂದಲೇ ಅದಕ್ಕೆ ಬೊಂಗ್‌ಕ್ರೆಕಿಕ್ ಆಮ್ಲವೆಂದು ಹೆಸರಾಯಿತು. ಕಾರಣ ತಿಳಿದ ಮೇಲೆಯೂ ಸಾವು ನಿಲ್ಲಲಿಲ್ಲ; ೧೯೫೧ರಿಂದ ೧೯೭೫ರವರೆಗೆ ಎಂಟು ನೂರಕ್ಕೂ ಮಿಕ್ಕಿ ಜನ ಸತ್ತರೆಂದು ಲೆಕ್ಕವುಂಟು. ಬಡವನಿಗೆ ಬೇರೆ ತಿನಿಸು ಎಲ್ಲಿಯದು? ೧೯೮೮ರಲ್ಲಿ ಇಂಡೋನೇಶಿಯದ ಸರಕಾರವು ಅದರ ತಯಾರಿಕೆಯನ್ನೇ ನಿಷೇಧಿಸಿತು.

ಆ ವಿಷವು ದೇಹದಲ್ಲಿ ಮಾಡುವದೇನೆಂಬುದನ್ನು ೧೯೭೦ರಲ್ಲಿ ಹೆಂಡರ್ಸನ್ ಮತ್ತು ಲಾರ್ಡಿ ಎಂಬವರು ತೋರಿಸಿದರು. ಅದು ಮೇಲೆ ಹೇಳಿದ ಕುಳಿಯೊಳಗೆ, ತಳವು ಒಳಮುಖಕ್ಕೆ ತೆರೆದಿರುವ ಕ್ಷಣದಲ್ಲಿ ಎಟಿಪಿಯ ಸ್ಥಾನದಲ್ಲಿ ತಾನು ಬಂದು ಕುಳಿತುಬಿಡುತ್ತದೆ. ಬಾಗಿಲು ಮತ್ತೆ ಹೊರಳುವದಿಲ್ಲ. ಅದು ಕುಳಿತ ಭಂಗಿಯನ್ನು ೨೦೧೯ರಲ್ಲಿ ಕೇಂಬ್ರಿಜ್ಜಿನ ಎಡ್ಮಂಡ್ ಕುಂಜಿಯ ತಂಡದವರು ಕಂಡರು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಿಷವೂ ಉಂಟು. ಅದು ಬಾಗಿಲನ್ನು ಹೊರಮುಖಕ್ಕೆ ತೆರೆದಂತೆಯೇ ಕೀಲಿಸಿಬಿಡುತ್ತದೆ. ೨೦೦೩ರಲ್ಲಿ ಆ ಆಕಾರವು ಕಂಡದ್ದು ಈ ಕೀಲಿಯ ಸಹಾಯದಿಂದಲೇ. ಅದನ್ನು ದೂರ ಹುಡುಕಬೇಕಾಗಿಲ್ಲ. ಹೊಲದ ಬದುವಿನಲ್ಲಿ ಬೆಳೆದು ಧೋತರಕ್ಕೂ ದನದ ಬಾಲಕ್ಕೂ ಮುಳ್ಳುಕಾಯಿಗಳನ್ನು ಅಂಟಿಸುವ ಮರುಳುಮತ್ತಿಯ ಗಿಡದ ಎಳೆಯ ಮೊಳಕೆಗಳಲ್ಲಿ ಆ ವಿಷವಿರುತ್ತದೆ. ಅವನ್ನು ಮೇಯ್ದ ದನಗಳು ಸಾಯುವದುಂಟು.

ಬಾಗಿಲು ಕೀಲಿಸಿದ ಕೋಶದ ಅವಸ್ಥೆ ಎಂತಹದು? ಒಲೆ ಇದೆ, ಕಟ್ಟಿಗೆ ಇದೆ, ಗಾಳಿ ಇದೆ. ಒಳಗೆ ಹೊಸ ನಾಣ್ಯ ಉಂಟು, ಹೊರಗೆ ಬರುವಂತಿಲ್ಲ. ಹೊರಗೆ ಖರ್ಚಾದ ನಾಣ್ಯ ರಾಶಿಬಿದ್ದಿದೆ; ಒಳಗೆ ಹೋಗುವಂತಿಲ್ಲ. ಕೋಶವು ಅನ್ಯಮಾರ್ಗವಿಲ್ಲದೆ ಸಕ್ಕರೆಯನ್ನು ಅರೆಬರೆಯಾಗಿ ಸುಡತೊಡಗುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಅದೂ ತೀರಿದ ಮೇಲೆ ರಕ್ತದ ಸಕ್ಕರೆ ಕುಸಿಯುತ್ತದೆ. ಕೆಲವು ತಾಸುಗಳಲ್ಲಿಯೇ ಸಾವು ಬರಬಹುದು. ಪ್ರತಿವಿಷವೆಂಬುದು ಇಂದಿಗೂ ಇಲ್ಲ. ವೈದ್ಯನು ದೇಹವನ್ನು ಆಧರಿಸಿ ಹಿಡಿಯಬಲ್ಲನೇ ಹೊರತು ಕೀಲಿಯನ್ನು ತೆಗೆಯಲಾರನು.

ಆಫ್ರಿಕಾ ಖಂಡದ ಮೊಜಾಂಬಿಕ್ ದೇಶದಲ್ಲಿ, ತೇತೆ ಪ್ರಾಂತದ ಚಿತಿಮಾ ಎಂಬ ಊರಿನಲ್ಲಿ, ೨೦೧೫ರ ಜನೇವರಿಯಲ್ಲಿ ಒಂದು ಶವಸಂಸ್ಕಾರಕ್ಕೆ ಜನ ನೆರೆದಿದ್ದರು. ಅಲ್ಲಿಯ ರೂಢಿಯಂತೆ ಗೋವಿನಜೋಳದ ಹಿಟ್ಟಿನಿಂದ ಮಾಡಿದ ಪೊಂಬೆ ಎಂಬ ಪಾನೀಯವನ್ನು ಕೊಡಲಾಯಿತು. ೭೫ ಜನ ಸತ್ತರು. ನೂರಾರು ಜನ ಹಾಸಿಗೆ ಹಿಡಿದರು. ಅದನ್ನು ಕಾಯಿಸಿದ ಹೆಂಗಸೂ ಸತ್ತವರಲ್ಲಿ ಒಬ್ಬಳು. ಯಾರೋ ಹಗೆಯಿಂದ ಮೊಸಳೆಯ ಪಿತ್ತವನ್ನು ಬೆರೆಸಿರಬೇಕೆಂದು ಮೊದಲು ಸಂಶಯ ಹುಟ್ಟಿತು. ಪರೀಕ್ಷೆಯಲ್ಲಿ ಸಿಕ್ಕದ್ದು ಬೊಂಗ್‌ಕ್ರೆಕಿಕ್ ಆಮ್ಲ. ಹಿಟ್ಟಿನಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯ. ಹಗೆ ಸಾಧಿಸಿದವರು ಯಾರೂ ಇರಲಿಲ್ಲ. ಮದ್ಯವನ್ನು ಕುಡಿದದ್ದಕ್ಕೆ ಫಲವಾಯಿತೆಂದು ಇಲ್ಲಿ ಯಾರಾದರೂ ಅಂದುಕೊಳ್ಳಬಹುದು. ಅದೂ ತಪ್ಪು. ೨೦೨೦ರ ಅಕ್ಟೋಬರದಲ್ಲಿ ಚೀನದ ಹೈಲುಂಗ್‌ಜಿಯಾಂಗ್ ಪ್ರಾಂತದಲ್ಲಿ ಒಂದೇ ಕುಟುಂಬದ ಒಂಬತ್ತು ಜನ ಸತ್ತದ್ದು ಹುದುಗಿದ ಗೋವಿನಜೋಳದ ಶಾವಿಗೆಯಿಂದ. ಆ ಹಿಟ್ಟು ಬಹುಕಾಲ ಶೀತಪೆಟ್ಟಿಗೆಯಲ್ಲಿದ್ದದ್ದು.

ಸಾವಿರಾರು ಜನರಿಗೆ ಅನ್ನವಿಕ್ಕುವ ಸ್ಥಾನದಲ್ಲಿ ಈ ಮಾತನ್ನು ಆಡುವದಕ್ಕೆ ಕಾರಣವುಂಟು. ಹಳಸಿದ್ದನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸಿದರೆ ದೋಷ ಹೋಯಿತೆಂಬ ನಂಬಿಕೆಯು ಬಹಳ ಅಡುಗೆಮನೆಗಳಲ್ಲಿದೆ. ಬ್ಯಾಕ್ಟೀರಿಯವು ಕುದಿಯಲ್ಲಿ ಸಾಯುವದು ನಿಜ. ಅದು ಆಗಲೇ ಮಾಡಿಟ್ಟ ಈ ವಿಷವು ಕುದಿಯಿಂದ ಕೆಡುವದಿಲ್ಲ, ಶೀತದಿಂದಲೂ ಕೆಡುವದಿಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಉಳಿದ ತೆಂಗಿನ ಹಿಂಡಿಯನ್ನೂ, ನೆನೆದು ಬಹುದಿನವಿದ್ದ ಜೋಳದ ಹಿಟ್ಟನ್ನೂ ಚೆಲ್ಲಿಬಿಡಲು ಅಡುಗೆಯವರು ಹಿಂಜರಿಯಬಾರದು. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರವು ಬೆಲೆಯುಳ್ಳದ್ದೇ. ಆದರೆ ಆ ಸಂಸ್ಕಾರಕ್ಕೂ ಅದರ ಎಲ್ಲೆಯಿದೆ.

ವಿಷವಿಲ್ಲದೆಯೂ ಈ ಬಾಗಿಲು ಹುಟ್ಟಿನಿಂದಲೇ ಕುಂದಾಗಿರಬಹುದು. ಹೃದಯ ಮತ್ತು ಸ್ನಾಯುಗಳಲ್ಲಿರುವ ಈ ವಾಹಕದ ಬೀಜಾಕ್ಷರದಲ್ಲಿ ಒಂದು ತಪ್ಪಿದ್ದರೆ ನಡುವಯಸ್ಸಿನಲ್ಲಿ ಕಣ್ಣರೆಪ್ಪೆಗಳು ಜೋತುಬಿದ್ದು ಕಣ್ಣಾಲಿಗಳ ಚಲನೆ ಕುಂದುವ ರೋಗ ಬರುವದೆಂದು ೨೦೦೦ದಲ್ಲಿ ತಿಳಿದುಬಂದಿತು. ಬೇರೆ ತಪ್ಪುಗಳಿಂದ ಎದೆಯ ಸ್ನಾಯು ದಪ್ಪವಾಗಿ ಸೋಲುತ್ತದೆ. ಇದೇ ಮನೆತನದ ಇನ್ನೊಂದು ಪ್ರೋಟೀನು ಏರಿಯನ್ನು ಬೇಕೆಂದೇ ಸೋರಿಸುತ್ತದೆ ಎಂದರೆ ಆಶ್ಚರ್ಯವಾದೀತು. ಹಸುಗೂಸಿನ ಬೆನ್ನಮೇಲಿನ ಕಂದುಗೊಬ್ಬಿನಲ್ಲಿ ಅದು ಇರುತ್ತದೆ. ಗಾಲಿಯನ್ನು ತಿರುಗಿಸದೆಯೇ ಪ್ರೋಟಾನುಗಳು ಒಳಗಿಳಿಯುವದರಿಂದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಚಳಿಗೆ ಮೈ ನಡುಗಿಸಲೂ ತಿಳಿಯದ ಕೂಸು ಬೆಚ್ಚಗಿರುವದು ಈ ಸೋರಿಕೆಯಿಂದ.

ಇಷ್ಟನ್ನೆಲ್ಲ ಕೇಳಿದ ಭಕ್ತರಲ್ಲಿ ಒಂದು ವಿಚಾರ ಮೂಡುವದು ಸಹಜ. ಕೊಡದೆ ಕೊಳ್ಳದ ಈ ವಾಹಕದಲ್ಲಿ ದಾಸೋಹದ ತತ್ತ್ವವೇ ಇದೆಯಲ್ಲ, ಇದನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರಲ್ಲ ಎಂದು ಕೆಲವರು ಉತ್ಸಾಹದಿಂದ ಹೇಳುವದುಂಟು. ಹೋಲಿಕೆಯು ಮನಸ್ಸಿಗೆ ಹಿತವಾದದ್ದು. ತಿಳಿಯಲು ಸುಲಭವಾಗಲೆಂದು ಬಳಸಿದರೆ ದೋಷವಿಲ್ಲ. ಆದರೆ ಕಲ್ಯಾಣದ ಶರಣರು ಮೈಟೋಕಾಂಡ್ರಿಯವನ್ನು ಬಲ್ಲವರಾಗಿರಲಿಲ್ಲ. ಬಲ್ಲವರೆಂದು ಹೇಳಿಕೊಂಡವರೂ ಅಲ್ಲ. ಅವರು ಹೇಳದ್ದನ್ನು ಅವರ ಬಾಯಲ್ಲಿ ತುರುಕುವದು ಗೌರವವೆನಿಸುವದಿಲ್ಲ. ಮೇಲಾಗಿ ಹೋಲಿಕೆಯು ಮುರಿಯುವ ಸ್ಥಳವೂ ಇಲ್ಲಿಯೇ ಇದೆ. ವಾಹಕವು ಕೊಡುವದು ಕೊಳ್ಳುವ ಸಲುವಾಗಿ; ಲೆಕ್ಕ ಒಂದಕ್ಕೆ ಒಂದು. ದಾಸೋಹಿಯು ಲೆಕ್ಕವಿಡುವದಿಲ್ಲ, ತಾನು ಕೊಟ್ಟೆನೆಂಬ ಭಾವವನ್ನೂ ಇಡುವದಿಲ್ಲ. ವಾಹಕಕ್ಕೆ ಆ ಭಾವವೇ ಇಲ್ಲದಿರುವದು ಬೇರೆ, ಮನುಷ್ಯನು ಅದನ್ನು ಬಿಟ್ಟುಕೊಡುವದು ಬೇರೆ. ಇವೆರಡನ್ನು ಒಂದು ಮಾಡಿದರೆ ವಿಜ್ಞಾನವೂ ಕೆಡುವದು, ಅನುಭಾವವೂ ಕೆಡುವದು.

ಕಡೆಯದಾಗಿ ಈ ಸೀಮೆಯ ಜೋಳದ ರೊಟ್ಟಿಗೆ ಸಂಬಂಧಿಸಿದ ಸಂಗತಿಯೊಂದುಂಟು. ದಖ್ಖನಿನ ಬಡ ಕೂಲಿಕಾರರಲ್ಲಿ, ಬಿಳಿಜೋಳವೊಂದನ್ನೇ ಉಂಡು ಬದುಕುವವರಲ್ಲಿ, ಬಿಸಿಲು ತಾಗಿದ ಚರ್ಮ ಕಪ್ಪಾಗಿ ಸುಲಿಯುವ, ಬುದ್ಧಿ ಮಂಕಾಗುವ ಪೆಲ್ಲಾಗ್ರ ರೋಗವು ಕಾಣಿಸುತ್ತಿತ್ತು. ಹೈದರಾಬಾದಿನ ಪೌಷ್ಟಿಕಾಹಾರ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬವರು ೧೯೬೦ರಲ್ಲಿ, ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶದ ಅತಿಶಯವು ಇದಕ್ಕೆ ಕಾರಣವಾಗಿರಬಹುದೆಂದು ವಾದಿಸಿದರು. ರೋಗದ ಮೂಲವು ನಯಾಸಿನ್ ಎಂಬ ಜೀವಸತ್ವದ ಕೊರತೆ. ಆ ಜೀವಸತ್ವದಿಂದ ದೇಹವು ಎನ್‌ಎಡಿ ಎಂಬ ವಸ್ತುವನ್ನು ಮಾಡಿಕೊಳ್ಳುತ್ತದೆ. ಒಲೆಯೊಳಗೆ ಅನ್ನದ ಸಾರದಿಂದ ಕಿಡಿಯನ್ನು ಎತ್ತಿ ಸಾಗಿಸುವದು ಇದೇ. ಇದಿಲ್ಲದೆ ಕಟ್ಟಿಗೆ ಇದ್ದರೂ ಉರಿಯಿಲ್ಲ. ಈ ಎನ್‌ಎಡಿಯು ಮನುಷ್ಯನ ಮೈಟೋಕಾಂಡ್ರಿಯದೊಳಗೆ ಇಡಿಯಾಗಿ ಬರುವದೋ, ಒಳಗೇ ತಯಾರಾಗುವದೋ ಎಂಬುದು ಬಹುಕಾಲ ತಗಾದೆಯ ವಿಷಯವಾಗಿತ್ತು. ಯೀಸ್ಟಿನಲ್ಲಿಯೂ ಗಿಡಗಳಲ್ಲಿಯೂ ವಾಹಕ ಸಿಕ್ಕಿತ್ತು, ಮನುಷ್ಯನಲ್ಲಿ ಸಿಕ್ಕಿರಲಿಲ್ಲ. ೨೦೨೦ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಹುಡುಕಿ ಒಂದೇ ಹೊಸ್ತಿಲಿಗೆ ಬಂದು ನಿಂತವು. ಅದು ಅದುವರೆಗೆ ಮನೆತನದ ಪಟ್ಟಿಯಲ್ಲಿ ಬರಿಯ ಸಂಖ್ಯೆಯಾಗಿ, ೫೧ನೆಯದೆಂದು ಕೆಲಸ ತಿಳಿಯದೆ ಬಿದ್ದಿದ್ದ ವಾಹಕವಾಗಿತ್ತು. ಆ ಪಟ್ಟಿಯಲ್ಲಿ ಕೆಲಸ ತಿಳಿಯದ ಬೇರೆ ಸಂಖ್ಯೆಗಳು ಇನ್ನೂ ಕೆಲವು ಇವೆ.